ಸದ್ದಿಲ್ಲದ ವಾಚು

ನಾಲ್ಕು ಗೋಡೆಗಳ ತುಂಬ ಗಡಿಯಾರ ನೇತುಹಾಕಿದ ಅಂಗಡಿಯಲ್ಲಿ ಕೂತು, ಗಂಟೆ ಎಷ್ಟಾಯಿತೆಂದು ಕದ್ದು ಮೊಬೈಲು ನೋಡಿಕೊಳ್ಳುವವಳು ಲೋಕದಲ್ಲಿ ತಾನೊಬ್ಬಳೇ ಇರಬೇಕು ಅಂತ ಬೋರಮ್‌ಗೆ ಆಗಾಗ ಅನ್ನಿಸುತ್ತಿತ್ತು. ಯಾರಿಗೂ ಹೇಳುವಂಥ ಮಾತಲ್ಲ. ದಿನಚರಿಯಲ್ಲಾದರೂ ಬರೆದುಕೊಳ್ಳೋಣವೆಂದರೆ, ಅಕ್ಷರವಾದ ಮೇಲೆ ಅದು ಇನ್ನಷ್ಟು ನಿಜವಾಗಿಬಿಡುತ್ತದೆ ಎಂಬ ಅಳುಕು. ಗಡಿಯಾರದ ಗಿಲ್ಸುವಿನ ಒಬ್ಬಳೇ ಮಗಳು, ಗ್ವಾಂಗ್ಜು ನಗರಕ್ಕೆ ಹೋಗಿ ಪದವಿ ಮುಗಿಸಿಕೊಂಡು ಬಂದವಳು, ಮುಳ್ಳು ನೋಡಿ ಥಟ್ಟನೆ ಟೈಮ್ ಹೇಳಲಾರಳು ಎಂದರೆ ಮೊಕ್ಪೊ ಮಾರುಕಟ್ಟೆಯ ಮೀನುಗಳೂ ನಕ್ಕಾವು.

ಹಾಗಂತ ಪೂರ್ತಿ ಬರುವುದೇ ಇಲ್ಲವೆಂದಲ್ಲ. ದೊಡ್ಡ ಮುಳ್ಳಿನ ಹಿಂದೆ ಹೋಗಿ ಐದು, ಹತ್ತು, ಹದಿನೈದು ಎಂದು ಮಗ್ಗಿ ಒಪ್ಪಿಸುವ ಹಾಗೆ ಎಣಿಸಿದರೆ ಸಿಗುತ್ತಿತ್ತು. ಎಣಿಸಿ ಮುಗಿಸುವ ಹೊತ್ತಿಗೆ ಕೇಳಿದವರು ಬೇರೆ ಯಾರನ್ನೋ ಕೇಳಿ ತಿಳಿದುಕೊಂಡು ಹೊರಟಿರುತ್ತಿದ್ದರು. ಚಿಕ್ಕ ಮುಳ್ಳು ಎರಡು ಅಂಕಿಗಳ ನಡುವೆ ನಿಂತಿದ್ದರಂತೂ ಅದು ತವರಿನ ಕಡೆಯದೋ ಅತ್ತೆಮನೆ ಕಡೆಯದೋ ತಿಳಿಯದೆ ಅವಳಿಗೆ ಕಸಿವಿಸಿ. ಅವಳ ವಾರಿಗೆಯವರೆಲ್ಲ ಹೆಚ್ಚುಕಡಿಮೆ ಹೀಗೆಯೇ. ಅಂಕಿ ನೋಡಿ ಬೆಳೆದವರು. ಆದರೆ ಅವರ ಅಪ್ಪಂದಿರು ಗಡಿಯಾರದ ಅಂಗಡಿ ಇಟ್ಟವರಲ್ಲವಲ್ಲ.

ಗಿಲ್ಸುವಿಗೆ ಅಂಕಿ ಗಡಿಯಾರವೆಂದರೆ ಮೈಯೆಲ್ಲ ಉರಿ. ಸಿಕ್ಕವರನ್ನೆಲ್ಲ ಕೂರಿಸಿಕೊಂಡು ಪಾಠ ಹೇಳುವನು. "ಅಂಕಿ ಗಡಿಯಾರ ಈಗ ಎಷ್ಟು ಅಂತ ಮಾತ್ರ ಹೇಳುತ್ತೆ. ಬಸ್ಸಿನಲ್ಲಿ ಸ್ಟಾಪಿನ ಹೆಸರು ಕೂಗಿದ ಹಾಗೆ. ಮುಳ್ಳಿನ ಗಡಿಯಾರದಲ್ಲಿ ಇಡೀ ದಾರಿಯೇ ಕಾಣುತ್ತೆ ಕಣ್ರೀ. ಎಷ್ಟು ಬಂದ್ವಿ, ಇನ್ನೆಷ್ಟಿದೆ, ಎಲ್ಲ ಒಂದೇ ನೋಟಕ್ಕೆ. ಹಂಚಿ ತಿನ್ನೋ ರೊಟ್ಟಿ ಥರ, ಉಳಿದಿರೋ ತುಂಡು ಕಣ್ಣಿಗೇ ಗೊತ್ತಾಗುತ್ತೆ. ಕಳೆಯೋ ಲೆಕ್ಕ ಯಾಕೆ ಬೇಕು?"

ಅವನು ಹೇಳುವುದು ಸುಳ್ಳಲ್ಲ ಎಂದು ಬೋರಮ್‌ಗೂ ಗೊತ್ತಿತ್ತು. ಆ ಭಾಗ್ಯ ಹಾಗೆ ಕಾಣಬಲ್ಲವರಿಗೆ ಮಾತ್ರ ಎಂದೂ ಗೊತ್ತಿತ್ತು.

ಮೊಬೈಲು ಬಂದ ಮೇಲೆ ಅಂಗಡಿ ಬಡಕಲಾಗುತ್ತ ಬಂದಿತ್ತು. ತಾಯಿ ತೀರಿಕೊಂಡ ಮೇಲೆ ಇದ್ದದ್ದು ಅಪ್ಪ ಮಗಳು ಇಬ್ಬರೇ ಆದ್ದರಿಂದ ಹೇಗೋ ನಡೆಯುತ್ತಿತ್ತು. ಅಂಗಡಿಯ ಉಸಿರು ಹಿಡಿದಿಟ್ಟದ್ದು ನವೆಂಬರ್ ತಿಂಗಳು. ದೇಶದ ಮಕ್ಕಳೆಲ್ಲ ಒಂದೇ ದಿನ ಕೂತು ಕಾಲೇಜಿನ ಪ್ರವೇಶ ಪರೀಕ್ಷೆ ಬರೆಯುವ ತಿಂಗಳು. ಆ ಕೋಣೆಯೊಳಗೆ ಮೊಬೈಲು ಬಿಡುವುದಿಲ್ಲ, ಅಂಕಿ ಮೂಡುವ ವಾಚನ್ನೂ ಬಿಡುವುದಿಲ್ಲ. ಗೋಡೆಯ ಗಡಿಯಾರವನ್ನೂ ಇಳಿಸಿಬಿಡುತ್ತಾರೆ. ಬಿಡುವುದು ಮುಳ್ಳಿನ ವಾಚೊಂದನ್ನೇ. ಹುಟ್ಟಿದಂದಿನಿಂದ ಅಂಕಿ ನೋಡಿಕೊಂಡು ಬಂದ ಮಕ್ಕಳು, ಬದುಕು ಅತ್ತಲೋ ಇತ್ತಲೋ ಎಂದು ತೀರ್ಮಾನವಾಗುವ ಆ ಒಂದು ದಿನ, ಪರಿಚಯವೇ ಇಲ್ಲದ ಮುಳ್ಳುಗಳನ್ನು ಕಟ್ಟಿಕೊಂಡು ಒಳಗೆ ಹೋಗಬೇಕು. ಅದಕ್ಕೇ ನವೆಂಬರಿನಲ್ಲಿ ತಾಯಂದಿರು ಗಿಲ್ಸುವಿನ ಅಂಗಡಿಯ ಮುಂದೆ ಸಾಲು ನಿಲ್ಲುತ್ತಿದ್ದರು.

ಗಿಲ್ಸು ಆ ಮಕ್ಕಳಿಗಾಗಿಯೇ ಒಂದು ಉಪಾಯ ಕಂಡುಹಿಡಿದಿದ್ದ. ಪರೀಕ್ಷೆಯ ಗಂಟೆ ಬಾರಿಸುವ ಮುಂಚೆ ವಾಚಿನ ಪಕ್ಕದ ತಿರುಪು ಎಳೆದು ಎರಡೂ ಮುಳ್ಳನ್ನು ಹನ್ನೆರಡಕ್ಕೆ ತಂದು ನಿಲ್ಲಿಸುವುದು. ಗಂಟೆ ಬಾರಿಸಿದ ಕೂಡಲೇ ತಿರುಪು ಒಳಕ್ಕೆ ಒತ್ತಿ, ನಿಂತ ವಾಚನ್ನು ಓಡಿಸಿಬಿಡುವುದು. ಆಮೇಲೆ ನಿಜವಾದ ಟೈಮಿನ ಗೊಡವೆಯೇ ಇಲ್ಲ. ಎಷ್ಟು ಕಳೆಯಿತೆಂದು ಮುಳ್ಳೇ ತೋರಿಸುತ್ತದೆ. ಪ್ರತಿ ವಿಷಯಕ್ಕೂ ಹೀಗೆಯೇ ಹೊಸದಾಗಿ ಹನ್ನೆರಡರಿಂದ ಶುರು. ಮಾರುಕಟ್ಟೆಯಲ್ಲಿ ಇದಕ್ಕೆ 'ಗಿಲ್ಸುವಿನ ಹನ್ನೆರಡು' ಎಂದೇ ಹೆಸರು.

ಈ ವರ್ಷ ಅದರ ಮೇಲೆ ಇನ್ನೊಂದು ಉಪಾಯ ಹೂಡಿದ. ಹಿಂದಿನ ವರ್ಷ ಯಾರದೋ ವಾಚಿನ ಟಿಕ್ ಟಿಕ್ ಸದ್ದಿಗೆ ಪಕ್ಕದ ಮೇಜಿನವಳು ದೂರು ಕೊಟ್ಟು, ಮೇಲ್ವಿಚಾರಕರು ಅದನ್ನು ಬಿಚ್ಚಿಸಿಟ್ಟುಕೊಂಡಿದ್ದರಂತೆ. ಆ ತಾಯಿ ಬಂದು ಅಂಗಡಿಯಲ್ಲಿ ಅತ್ತಿದ್ದಳು. ಗಿಲ್ಸು ಈ ಸಲ ತಂದ ವಾಚುಗಳನ್ನೆಲ್ಲ ಬಿಚ್ಚಿ, ಕಣ್ಣಿಗೆ ಮಸೂರ ಸಿಕ್ಕಿಸಿಕೊಂಡು, ಚಿಮಟದಿಂದ ಒಂದೊಂದರ ಸೆಕೆಂಡ್ ಮುಳ್ಳನ್ನೂ ಕಿತ್ತ. "ಇದೇ ನೋಡು ಸದ್ದು ಮಾಡೋ ನಾಲಿಗೆ," ಎಂದ. ಕಿತ್ತ ಮುಳ್ಳುಗಳು ತಟ್ಟೆಯಲ್ಲಿ, ಉಂಡು ಬಿಟ್ಟ ಮೀನಿನ ಎಲುಬಿನಂತೆ ಗುಡ್ಡೆಯಾದವು. ಗಾಜಿನ ಮೇಲೆ 'ಸದ್ದಿಲ್ಲದ ಪರೀಕ್ಷಾ ವಾಚು' ಎಂದು ಬೋರಮ್ ಕೈಲಿ ಚೆಂದದ ಅಕ್ಷರದಲ್ಲಿ ಬರೆಸಿ ಅಂಟಿಸಿದ. ಕಿವಿಗೊತ್ತಿ ಹಿಡಿದರೆ ಮಾತ್ರ ಒಳಗೆಲ್ಲೋ ಸಣ್ಣ ಮಿಡಿತ ಕೇಳುತ್ತಿತ್ತು.

ಎದುರಿನ ಹೊಂಗೊ ಮೀನಿನಂಗಡಿಯ ದೊಕ್ಜಾ ಬಂದದ್ದು ಆಗ. ಅವಳಿಗಿಂತ ಮುಂಚೆ ಹುಳಿ ಬಂದ ಮೀನಿನ ಘಾಟು ಒಳಗೆ ಬಂತು, ಹಿಂದಿನಿಂದ ಮಗಳು ಮಿರೆ ಬಂದಳು.

"ಯಜಮಾನ್ರೇ, ನಮ್ಮ ಇವಳಿಗೂ ಒಂದು ವಾಚು ಕೊಡಿ. ಸದ್ದು ಮಾಡಬಾರದು. ಇವಳು ಮಾಡೋ ಸದ್ದೇ ಬೇಕಾದಷ್ಟಿದೆ."

"ಅಮ್ಮಾ!"

"ಏನಮ್ಮಾ? ನಿದ್ದೇಲೂ ಲೆಕ್ಕ ಒದರ್ತೀಯ. ಹೇಳಬಾರದಾ ನಾನು?"

"ಒದರಲಿ ಬಿಡಿ ಮಿರೆಯ ಅಮ್ಮ," ಗಿಲ್ಸು ನಕ್ಕ. "ನರ್ಸಿಂಗ್ ಸೇರಿದ ಮೇಲೆ ರೋಗಿಗಳ ಹತ್ರ ಒದರ್ತಾಳೆ. ಕೈ ಕೊಡು ಮಗಳೇ."

ಅವಳ ಬಡಕಲು ಮಣಿಕಟ್ಟಿಗೆ ವಾಚು ಕಟ್ಟಿ, ಹನ್ನೆರಡರ ಉಪಾಯ ಹೇಳಿಕೊಟ್ಟ. ಮಿರೆ ತಿರುಪು ಎಳೆದಳು, ತಿರುಗಿಸಿದಳು, ಒತ್ತಿದಳು. ವಾಚನ್ನೇ ದಿಟ್ಟಿಸಿ ನೋಡುತ್ತ ನಿಂತಳು. ಆಮೇಲೆ ಬೋರಮ್ ಕಡೆ ತಿರುಗಿ ಮೆತ್ತಗೆ ಕೇಳಿದಳು: "ಅಕ್ಕ, ಇದು ಓಡ್ತಾ ಇದೆ ಅಂತ ಹೇಗೆ ಗೊತ್ತಾಗೋದು?"

ಬೋರಮ್ ವಾಚಿನ ಕಡೆ ಬಗ್ಗಿ ನೋಡಿದಳು. ಹೌದಲ್ಲ, ಹೇಗೆ ಗೊತ್ತಾಗೋದು? ಅವಳು ಬಾಯಿ ತೆರೆಯುವಷ್ಟರಲ್ಲಿ ಅಪ್ಪ ಗಹಗಹಿಸಿದ್ದ.

"ಅನ್ನದ ಪಾತ್ರೆ ಮುಚ್ಚಳ ಗಳಿಗೆಗೊಂದ್ಸಲ ತೆಗೆದು ನೋಡಿದ್ರೆ ಅನ್ನ ಬೇಯುತ್ತೇನೇ? ನೀನು ಬರೀತಾ ಹೋಗು, ಅದು ಓಡ್ತಾ ಹೋಗುತ್ತೆ."

"ಕೇಳಿದ್ಯಾ? ಎಲ್ಲದಕ್ಕೂ ಅನುಮಾನ ಇವಳಿಗೆ," ಎಂದಳು ದೊಕ್ಜಾ. ಬೋರಮ್ ತೆರೆದ ಬಾಯಿಯನ್ನು ಮುಚ್ಚಿಕೊಂಡು, ವಾಚಿನ ಪೆಟ್ಟಿಗೆಯನ್ನು ಚೀಲಕ್ಕೆ ಹಾಕಿ ಎರಡೂ ಕೈಯಲ್ಲಿ ಹಿಡಿದು ಕೊಟ್ಟಳು. ಗಿರಾಕಿಗಳ ಎದುರು ಅವಳಿಗೆ ಬರುತ್ತಿದ್ದ ಕೆಲಸ ಅದೊಂದೇ.

ಪರೀಕ್ಷೆಯ ಬೆಳಿಗ್ಗೆ ದೊಕ್ಜಾಳ ಮನೆಯಲ್ಲಿ ಕಡಲಪಾಚಿ ಸಾರಿನ ಹೆಸರೂ ಎತ್ತಲಿಲ್ಲ, ಆ ಲೋಳೆ ಉಂಡರೆ ಪರೀಕ್ಷೆಯಲ್ಲಿ ಜಾರಿಬಿಟ್ಟಾಳೆಂದು. ಕಾಲೇಜಿಗೆ ಅಂಟಿಕೊಳ್ಳಲೆಂದು ಅಂಟಂಟು ಮಿಠಾಯಿ ತಿನ್ನಿಸಿ ಕಳಿಸಿದ್ದಾಯಿತು. ಅಂಗಡಿಯವರೆಲ್ಲ ನಿಂತು ಕೈ ಬೀಸಿದರು.

ಸಂಜೆ ಗಿಲ್ಸು ಗೆಳೆಯರ ಜೊತೆ ಹೊರಗೆ ಹೋಗಿದ್ದ. ತಂದ ವಾಚೆಲ್ಲ ಖರ್ಚಾದ ಖುಷಿ. ಬೋರಮ್ ಒಬ್ಬಳೇ ಗಾಜು ಒರೆಸುತ್ತಿದ್ದಾಗ ಮಿರೆ ಬಂದಳು. ಎದುರಿಗೇ ಇದ್ದ ಅಮ್ಮನ ಅಂಗಡಿಗೆ ಹೋಗದೆ ನೇರ ಇಲ್ಲಿಗೆ ಬಂದಿದ್ದಳು. ವಾಚು ಬಿಚ್ಚಿ ಗಾಜಿನ ಮೇಲಿಟ್ಟಳು.

"ನಿಂತುಹೋಗಿತ್ತು ಅಕ್ಕ."

"ಏನು?"

"ಗಣಿತದ ಪೇಪರಲ್ಲಿ. ಗಂಟೆ ಹೊಡೀತು, ಒತ್ತಿದೆ. ಒತ್ತಿದೆ ಅಂದ್ಕೊಂಡೆ. ಕೈ ನಡುಗ್ತಿತ್ತು, ಸ್ವೆಟರಿನ ತೋಳು ಬೇರೆ. ತಿರುಪು ಅರ್ಧಕ್ಕೆ ಹೋಗಿ ನಿಂತಿತ್ತು ಅನ್ಸುತ್ತೆ." ಅವಳು ಅಳುತ್ತಿರಲಿಲ್ಲ. ಅತ್ತಿದ್ದರೆ ಬೋರಮ್‌ಗೆ ಸಲೀಸಾಗುತ್ತಿತ್ತು. "ಮೊದಲನೇ ಸಲ ನೋಡಿದಾಗ ಎರಡೂ ಮುಳ್ಳು ಹನ್ನೆರಡರ ಮೇಲೇ ಇತ್ತು. ನಂಗೆ ಏನನ್ನಿಸ್ತು ಗೊತ್ತಾ? ಅಬ್ಬ, ಇನ್ನೂ ಟೈಮೇ ಆಗಿಲ್ಲ, ಎಷ್ಟು ಬೇಗ ಮಾಡ್ತಿದೀನಿ ಅಂತ ಖುಷಿ ಆಯ್ತು. ಖುಷಿ, ಅಕ್ಕ! ಒಂದು ಕಷ್ಟದ ಲೆಕ್ಕಾನ ಎರಡೆರಡು ಸಲ ಮಾಡಿ ನೋಡ್ದೆ."

"ಆಮೇಲೆ?"

"ಆಮೇಲೆ ನೋಡಿದಾಗಲೂ ಅಲ್ಲೇ. ಹೆದರಿ ಒತ್ತಿದೆ, ಟಕ್ ಅಂತ ಒಳಗೆ ಹೋಯ್ತು. ಓಡಕ್ಕೆ ಶುರುವಾಯ್ತು. ಎಲ್ಲಿಂದ ಓಡ್ತಿದೆ ಅಂತ ಯಾರಿಗೆ ಗೊತ್ತು? ಗೋಡೇಲಿ ಗಡಿಯಾರ ಇಲ್ಲ. ಮೇಲ್ವಿಚಾರಕರನ್ನ ಕೇಳೋ ಹಾಗಿಲ್ಲ. ಒಂದು ಕಾಲುಗಂಟೆ ಹೋಗಿರಬಹುದು ಅಂತ ಊಹೆ ಮಾಡ್ಕೊಂಡೆ. ಅದಕ್ಕಿಂತ ತುಂಬ ಜಾಸ್ತಿ ಹೋಗಿತ್ತು. ಇನ್ನು ಹತ್ತೇ ನಿಮಿಷ ಅಂತ ಮೈಕಲ್ಲಿ ಕೂಗಿದಾಗ ಉತ್ತರದ ಹಾಳೇಲಿ ಒಂದು ಚುಕ್ಕೀನೂ ತುಂಬಿರಲಿಲ್ಲ. ಗಡಿಬಿಡೀಲಿ ತುಂಬ್ತಾ ಹೋದೆ. ನಡುವೆ ಒಂದು ಸಾಲು ಬಿಟ್ಟುಹೋಯ್ತು. ಅಲ್ಲಿಂದ ಕೆಳಗೆ ಎಲ್ಲ ಒಂದೊಂದು ಮನೆ ಜಾರಿ ಕೂತಿದೆ. ಗೊತ್ತಾದಾಗ ಗಂಟೆ ಹೊಡೀತು."

ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ. ಬೋರಮ್ ವಾಚನ್ನು ಕೈಗೆತ್ತಿಕೊಂಡಳು. ಅದು ಏನೂ ಆಗಿಲ್ಲವೆಂಬಂತೆ ಯಾವುದೋ ಹೊತ್ತು ತೋರಿಸುತ್ತಿತ್ತು. ಅಂಕಿ ಗಡಿಯಾರ ಸತ್ತರೆ ಮುಖ ಖಾಲಿಯಾಗುತ್ತದೆ. ಸತ್ತಿದೆ ಅಂತ ಎಳೆ ಕೂಸೂ ಹೇಳಬಲ್ಲದು. ಮುಳ್ಳಿನ ಗಡಿಯಾರ ಸತ್ತ ಮೇಲೂ ಬದುಕಿದ್ದಾಗಿನ ಮುಖವನ್ನೇ ಇಟ್ಟುಕೊಂಡು ಟೈಮ್ ಹೇಳುತ್ತಿರುತ್ತದೆ. ಅದರಲ್ಲಿ ಜೀವವಿದೆಯೋ ಇಲ್ಲವೋ ಎಂದು ಸಾರುತ್ತಿದ್ದದ್ದು ಆ ಸಣಕಲು ಸೆಕೆಂಡ್ ಮುಳ್ಳು. ಅಪ್ಪನಂಥವರಿಗೆ ಅದು ಬೇಡ. ದೊಡ್ಡ ಮುಳ್ಳು ಒಂದು ಕೂದಲೆಳೆ ಸರಿದರೂ ಅವರ ಕಣ್ಣು ಹಿಡಿಯುತ್ತದೆ. ಎಣಿಸಿಕೊಂಡು ಟೈಮ್ ನೋಡುವವರಿಗೆ ಹಾಗೆ ಕಾಣುವುದಿಲ್ಲ ಎಂಬುದು ಅವರಿಗೆ ಹೇಗೆ ಗೊತ್ತಾಗಬೇಕು?

"ಅಮ್ಮಂಗೆ ನೀವು ಹೇಳ್ತೀರಾ ಅಕ್ಕ? ನಾನು ಹೇಳಿದ್ರೆ ನೆಪ ಅಂತಾಳೆ. ನೀವು ಓದಿದೋರು, ಅಂಗಡಿಯೋರು. ನಿಮ್ಮ ಮಾತು ನಂಬ್ತಾಳೆ."

"ನೋಡ್ತೀನಿ," ಎಂದಳು ಬೋರಮ್.

ಅಷ್ಟೇ ಅಂದದ್ದು. ಮಿರೆ ಸ್ವಲ್ಪ ಹೊತ್ತು ಅವಳ ಮುಖ ನೋಡಿ, ಬೆನ್ನುಚೀಲ ಎತ್ತಿಕೊಂಡು ರಸ್ತೆ ದಾಟಿದಳು.

ಆ ರಾತ್ರಿಯೇ ಬೋರಮ್ ವಾಚನ್ನೂ ಮಿರೆ ಹೇಳಿದ್ದನ್ನೂ ಅಪ್ಪನಿಗೆ ಒಪ್ಪಿಸಿದ್ದಳು. ಮರುದಿನ ಅನ್ನದ ಬಟ್ಟಲಿನ ಮುಂದೆ ಇನ್ನೊಮ್ಮೆ ಪ್ರಯತ್ನ ಮಾಡಿದಳು. "ಅಪ್ಪ, ಆ ವಾಚಲ್ಲಿ ಸೆಕೆಂಡ್ ಮುಳ್ಳು ಇದ್ದಿದ್ರೆ..."

"ಇದ್ದಿದ್ರೆ ಟಿಕ್ ಟಿಕ್ ಅಂತಿತ್ತು. ಬಿಚ್ಚಿ ನೋಡಿದೀನಿ, ಗಟ್ಟಿಮುಟ್ಟಾಗಿದೆ. ಅವಳು ಸರಿಯಾಗಿ ಒತ್ತಲಿಲ್ಲ. ಕುಣಿಯಕ್ಕೆ ಬಾರದೋಳು ನೆಲ ಡೊಂಕು ಅಂದ್ಲಂತೆ." ಗಿಲ್ಸು ಮೂಲಂಗಿ ಉಪ್ಪಿನಕಾಯಿ ಕಚ್ಚಿದ. ಆಮೇಲೆ ಮಗಳ ಕಡೆ ನೋಡದೆಯೇ ಹೇಳಿದ, "ನವೆಂಬರಿನ ಈ ವಾಚುಗಳಿಂದಲೇ ಕಣಮ್ಮ ನೀನು ಗ್ವಾಂಗ್ಜುವಿನಲ್ಲಿ ನಾಲ್ಕು ವರ್ಷ ಓದಿದ್ದು. ಊಟ ಮಾಡು."

ಬೋರಮ್ ಊಟ ಮಾಡಿದಳು.

ಮಾರುಕಟ್ಟೆಗೆ ಸುದ್ದಿ ಬೇಕು. ಗಡಿಯಾರ ನೋಡಲು ಬಾರದೆ ಪರೀಕ್ಷೆ ಕೆಡಿಸಿಕೊಂಡವಳು ಅಂತ ಮಿರೆಗೆ ಹೆಸರು ಬಿತ್ತು. ಕಿಮ್ಚಿ ಉಪ್ಪಿನಕಾಯಿ ಮಾರುವವಳು ಟೈಮ್ ಎಷ್ಟೆಂದು ಕೇಳುವಳು, ಸೀಗಡಿ ಅಂಗಡಿಯವಳು "ಹನ್ನೆರಡು!" ಎಂದು ಕೂಗುವಳು, ಸಾಲಿಗೆ ಸಾಲೇ ನಗುವುದು. ಮೊದಮೊದಲು ಮಿರೆ ತಿರುಗಿ ಮಾತಾಡಿದಳು. ವಾಚು ನಿಂತಿತ್ತು, ಗಿಲ್ಸು ಮಾವನ ವಾಚು ನಿಂತಿತ್ತು ಎಂದು ಸಿಕ್ಕವರಿಗೆಲ್ಲ ಹೇಳಿದಳು. ಅದು ದೊಕ್ಜಾಳ ಕಿವಿಗೆ ಬಿತ್ತು. ಅವಳು ಮಗಳು ಕೆಡಿಸಿಕೊಂಡದ್ದನ್ನು ನುಂಗಿಕೊಂಡಿದ್ದಳು. ಇದನ್ನು ನುಂಗಲಾರದೆ ಹೋದಳು. ಗಂಡ ಸತ್ತ ವರ್ಷ ಅವಳ ಅಂಗಡಿಯ ಬಾಗಿಲು ತೆಗೆಸಿ, ಮೊದಲ ಗಿರಾಕಿಯಾಗಿ ಮೀನು ಕೊಂಡವನು ಗಿಲ್ಸು. ಅಂಥವನ ಕಸುಬಿನ ಮೇಲೆ ತನ್ನ ಹೊಟ್ಟೆಯಲ್ಲಿ ಹುಟ್ಟಿದವಳು ಮಣ್ಣು ಎರಚುವುದೇ?

ಭಾನುವಾರ ಮಧ್ಯಾಹ್ನ ತಾಯಿ ಮಗಳು ಇಬ್ಬರೂ ಬಂದರು. ದೊಕ್ಜಾಳ ಕೈಯಲ್ಲಿ ಬಟ್ಟೆ ಸುತ್ತಿದ ಡಬ್ಬಿ. ಒಳ್ಳೆಯ ಭಾಗದ ಹೊಂಗೊ ಎಂದು ವಾಸನೆಯೇ ಹೇಳುತ್ತಿತ್ತು. ಸೀಗಡಿ ಅಂಗಡಿಯವಳು ಏನೋ ಕೆಲಸವಿದ್ದಂತೆ ಬಾಗಿಲ ಹತ್ತಿರ ಬಂದು ನಿಂತಳು.

"ಯಜಮಾನ್ರೇ, ಮುಖ ಎತ್ತಿ ನಿಮ್ಮನ್ನ ನೋಡೋ ಹಾಗೆ ಮಾಡ್ಲಿಲ್ಲ ಇವಳು. ತಪ್ಪಾಯ್ತು ಅಂತ ಹೇಳಿಸೋಕೆ ಕರ್ಕೊಂಡು ಬಂದೆ."

"ಅಯ್ಯೋ ಇದೇನು ಮಿರೆಯ ಅಮ್ಮ, ಮಗು ಅದು."

"ಮಗು ಅಲ್ಲ. ಕೆಟ್ಟುಹೋಯ್ತು ಅಂದಿದ್ರೆ ಇನ್ನೊಂದು ವರ್ಷ ಓದ್ಸೋಕೆ ನಾನು ತಯಾರಿದ್ದೆ. ಹೊಟ್ಟೆ ಬಟ್ಟೆ ಕಟ್ಟಿಯಾದ್ರೂ ಓದಿಸ್ತಿದ್ದೆ. ಸುಳ್ಳು ಹೇಳೋಳಿಗೆ ಯಾಕೆ ಓದು? ಇನ್ನು ದಿನಾ ನನ್ನ ಜೊತೆ ಮೀನು ಕೊಯ್ಯಲಿ."

ಗಿಲ್ಸು ಉದಾರವಾಗಿ ಕೈ ಆಡಿಸಿದ. ಡ್ರಾಯರಿನಿಂದ ಆ ವಾಚು ತೆಗೆದು ದೊಕ್ಜಾಳ ಕಿವಿಗೆ ಹಿಡಿದ. "ಕೇಳಿ. ಕೇಳ್ತಾ ಇದೆಯಲ್ಲ? ಎದೆಬಡಿತದ ಥರ. ನಲವತ್ತು ವರ್ಷದ ಕೈ ಇದು. ನಾನು ಕೊಟ್ಟ ವಾಚು ಸುಮ್ಮಸುಮ್ಮನೆ ನಿಲ್ಲಲ್ಲ." ಆಮೇಲೆ ಬಾಗಿಲ ಕಡೆಗೂ ಕೇಳಿಸುವಂತೆ ದನಿ ಏರಿಸಿದ. "ಮಕ್ಕಳ ತಪ್ಪೂ ಅಲ್ಲ ಬಿಡಿ. ಅಂಕಿ ನೋಡಿ ಬೆಳೆದ ಕಣ್ಣು. ಮುಳ್ಳು ಓದೋಕೂ ಒಂದು ಸಂಸ್ಕಾರ ಬೇಕು. ನಮ್ಮ ಬೋರಮ್ ನೋಡಿ, ಮಾತು ಕಲಿಯೋ ಮುಂಚೆ ಟೈಮ್ ಹೇಳ್ತಿದ್ಲು."

ದೊಕ್ಜಾ ಬೋರಮ್ ಕಡೆ ನೋಡಿ ನಿಟ್ಟುಸಿರು ಬಿಟ್ಟಳು. ಇಂಥ ಮಗಳು ತನಗಿದ್ದಿದ್ದರೆ ಎಂದು ಆ ನೋಟದಲ್ಲಿದ್ದ ಆಸೆ ಕಂಡು ಬೋರಮ್‌ಗೆ ಮುಖದ ಚರ್ಮವೆಲ್ಲ ಬಿಗಿಯಿತು. ಮಿರೆ ಮಾತ್ರ ಅವಳನ್ನು ನೋಡಲಿಲ್ಲ. ನೋಡುವುದನ್ನು ಬಿಟ್ಟು ಎಷ್ಟೋ ದಿನವಾದವರ ಹಾಗೆ ಗಾಜಿನ ಪೆಟ್ಟಿಗೆಯ ಅಂಚಿಗೆ ಕಣ್ಣು ನೆಟ್ಟಿದ್ದಳು. ಅವಳ ಬೆರಳುಗಳಿಗೆ ಆಗಲೇ ಮೀನಿನ ಉಪ್ಪು ಹತ್ತಿ, ಉಗುರಿನ ಸುತ್ತ ಬೆಳ್ಳಗೆ ಸುಲಿದಿತ್ತು.

"ಏನೇ ನಿಂತಿದೀಯ?" ದೊಕ್ಜಾ ಮಗಳ ಕತ್ತಿನ ಹಿಂದೆ ಕೈಯಿಟ್ಟು ಒತ್ತಿದಳು. "ಬಗ್ಗು. ತಪ್ಪಾಯ್ತು ಮಾವ, ಸುಳ್ಳು ಹೇಳ್ದೆ ಅನ್ನು."

ಮಿರೆ ಬಗ್ಗಿದಳು. ಸೊಂಟದಿಂದ ಕೆಳಕ್ಕೆ, ತಲೆಗೂದಲು ಮುಖದ ಮೇಲೆ ಇಳಿಬೀಳುವ ಹಾಗೆ.

"ತಪ್ಪಾಯ್ತು ಮಾವ," ಎಂದಳು. ಅಲ್ಲಿಗೆ ನಿಂತಳು.

"ಪೂರ್ತಿ ಹೇಳು."

ಗಿಲ್ಸು "ಸಾಕು ಸಾಕು" ಎಂದ. ಆದರೆ ಕೈ ಹಿಡಿದು ಎತ್ತಲಿಲ್ಲ. ಉಳಿದರ್ಧ ಬರಲೆಂದು ಕಾಯುತ್ತ ನಿಂತ. ಬಾಗಿಲಿನವಳೂ ಕಾಯುತ್ತಿದ್ದಳು.

"ಸುಳ್ಳು..." ಎಂದಳು ಮಿರೆ.

"ಚಿಕ್ಕಮ್ಮ," ಎಂಬ ದನಿಯೊಂದು ಕೇಳಿತು. ಅದು ತನ್ನದೇ ಎಂದು ತಿಳಿಯಲು ಬೋರಮ್‌ಗೆ ಒಂದು ಕ್ಷಣ ಹಿಡಿಯಿತು. ಎಲ್ಲರೂ ತಿರುಗಿ ನೋಡಿದರು. ಅಪ್ಪನೂ ನೋಡಿದ, ಗಿರಾಕಿಗೆ ಚೀಲ ಕೊಡಲು ಮರೆತವಳನ್ನು ನೋಡುವ ಹಾಗೆ. ಅವಳು ಅವನ ಮುಖದಿಂದ ಕಣ್ಣು ಕಿತ್ತು ದೊಕ್ಜಾಳ ಮೇಲಿಟ್ಟಳು. ಅಲ್ಲದಿದ್ದರೆ ಮಾತು ಬರುವ ಹಾಗಿರಲಿಲ್ಲ.

"ಮಿರೆ ಸುಳ್ಳು ಹೇಳ್ತಿಲ್ಲ ಚಿಕ್ಕಮ್ಮ. ವಾಚು ನಿಂತಿತ್ತು. ನಿಂತಿದ್ದು ಅವಳಿಗೆ ಕಾಣ್ಲಿಲ್ಲ, ಯಾಕಂದ್ರೆ ಅದನ್ನ ತೋರಿಸೋ ಮುಳ್ಳನ್ನ ನಮ್ಮಪ್ಪನೇ ಕಿತ್ತುಹಾಕಿದ್ರು."